ಆರು ಮಕ್ಕಳಿಗೆ ಶನಿವಾರದ ಸಾಮಾಜಿಕ ಕೌಶಲ ತರಗತಿ: ಎಲ್ಲಿಂದ ಶುರು ಮಾಡಬೇಕು?

ಸೋಮವಾರಪೇಟೆ ಟೀಚರ್

ಎಲ್ಲರಿಗೂ ನಮಸ್ಕಾರ. ನಮ್ಮ ಪ್ರೌಢಶಾಲೆಯ 8 ಮತ್ತು 9ನೇ ತರಗತಿಯ ಆರು ಮಕ್ಕಳಿಗಾಗಿ ಈ ವರ್ಷ ಏನಾದರೂ ಸರಿಯಾಗಿ ಮಾಡಬೇಕು ಅಂತಿದ್ದೇವೆ. ಒಬ್ಬ ಹುಡುಗನಿಗೆ ಆಟಿಸಂ. ಪಾಠದಲ್ಲಿ ಮುಂದಿದ್ದಾನೆ, ಆದರೆ ಯಾರ ಹತ್ತಿರ ಹೋದರೂ ಬಸ್ಸುಗಳ ರೂಟು, ಟೈಮು ಬಿಟ್ಟರೆ ಬೇರೆ ಮಾತಿಲ್ಲ. ಇನ್ನೊಬ್ಬನಿಗೆ ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ, ಅತಿ ಚುರುಕಿನ ತೊಂದರೆ. ಆಟದ ನಡುವೆ ನುಗ್ಗಿ ಬಾಲ್ ಕಿತ್ತುಕೊಳ್ಳುತ್ತಾನೆ, ಆಮೇಲೆ ಅವನೇ ಬೇಜಾರಾಗಿ ಕೂರುತ್ತಾನೆ. ಒಬ್ಬಳಿಗೆ ಅಲ್ಪ ಪ್ರಮಾಣದ ಬೌದ್ಧಿಕ ಅಸಾಮರ್ಥ್ಯ. ಪರಿಚಯ ಇರಲಿ ಬಿಡಲಿ, ಎಲ್ಲರನ್ನೂ ತಬ್ಬಿಕೊಳ್ಳುತ್ತಾಳೆ. ಇಬ್ಬರು ಹುಡುಗರ ಮೇಲೆ ಸದಾ ಹೊಡೆದಾಟದ ದೂರು, ಯಾವ ತಪಾಸಣೆಯೂ ಆಗಿಲ್ಲ. ಆರನೆಯವಳು ಶಾಲೆಯಲ್ಲಿ ಬಾಯೇ ಬಿಡುವುದಿಲ್ಲ, ಮನೆಯಲ್ಲಿ ಚೆನ್ನಾಗಿ ಮಾತಾಡುತ್ತಾಳಂತೆ.

ಶನಿವಾರ ಶಾಲೆ ಬಿಟ್ಟ ಮೇಲೆ ಒಂದು ಗಂಟೆ, ಆರೂ ಜನರನ್ನು ಒಟ್ಟಿಗೆ ಕೂರಿಸಿ ಹತ್ತು ವಾರ ಕಲಿಸುವ ಯೋಚನೆ ಇದೆ. ವಾರಕ್ಕೊಂದು ವಿಷಯ: ಕಣ್ಣು ನೋಡಿ ಮಾತಾಡುವುದು, ನಮಸ್ಕರಿಸುವುದು, ಹಂಚಿಕೊಳ್ಳುವುದು, ಕೋಪ ತಡೆಯುವುದು ಹೀಗೆ. ಹತ್ತು ವಾರ ಸಾಕೇ? ಮೊದಲು ಯಾವುದು? ಉಪಯೋಗ ಆಯಿತೋ ಇಲ್ಲವೋ ಅಂತ ತಿಳಿಯುವುದು ಹೇಗೆ? ಅರ್ಧದಷ್ಟು ಮಕ್ಕಳು ಎಸ್ಟೇಟಿನ ಕಾರ್ಮಿಕರ ಲೈನ್ ಮನೆಗಳಿಂದ ಬರುವವರು, ಒಂದು ಬಸ್ಸು ತಪ್ಪಿದರೆ ಕಷ್ಟ. ಮಳೆಗಾಲದಲ್ಲಿ ಮೈದಾನವೂ ಸಿಗುವುದಿಲ್ಲ.

ಕಾವೇರಿತೀರ, ವಿಶೇಷ ಶಿಕ್ಷಕಿ

ಟೀಚರ್, ಉಳಿದದ್ದಕ್ಕಿಂತ ಮೊದಲು ಹೇಳಬೇಕಾದ್ದು: ಆ ಆರು ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸಬೇಡಿ. ಆರು ಜನರ ತೊಂದರೆ ಆರು ಥರ ಇದೆ. ಅದಕ್ಕಿಂತ ದೊಡ್ಡ ಕಾರಣ ಆ ಹೊಡೆದಾಟದ ಇಬ್ಬರು. ವರ್ತನೆಯ ತೊಂದರೆ ಇರುವ ಹದಿಹರೆಯದವರನ್ನೇ ಒಟ್ಟುಗೂಡಿಸಿ ಕಲಿಸಲು ಹೋದರೆ ಕೆಲವೊಮ್ಮೆ ತೊಂದರೆ ಜಾಸ್ತಿಯಾಗುತ್ತದೆ ಎಂದು ಸಂಶೋಧಕರಾದ ಡಿಷನ್, ಮೆಕಾರ್ಡ್, ಪೂಲಿನ್ 1999ರಲ್ಲೇ ಎಚ್ಚರಿಸಿದ್ದಾರೆ. ಒಬ್ಬ ತನ್ನ ತಂಟೆಯ ಕಥೆ ಹೇಳುತ್ತಾನೆ, ಪಕ್ಕದವ ನಗುತ್ತಾನೆ. ಆ ನಗುವೇ ಬಹುಮಾನ. ಟೀಚರ್ ಕೊಡುವ ಸ್ಟಾರು, ಶಭಾಷ್‌ಗಿರಿ ಅದರ ಮುಂದೆ ನಿಲ್ಲುವುದಿಲ್ಲ. ಜೊತೆಗೆ 'ಶನಿವಾರದ ಕ್ಲಾಸಿನವರು' ಅಂತ ಹೆಸರು ಬಿದ್ದರೆ ಅದನ್ನು ಅಳಿಸಲು ವರ್ಷ ಬೇಕು.

ಆಮೇಲೆ ಪ್ರತಿ ಮಗುವಿನ ಬಗ್ಗೆಯೂ ಕೇಳಬೇಕಾದ ಪ್ರಶ್ನೆ: ಹೇಗೆ ಅಂತ ಗೊತ್ತಿಲ್ಲವೋ, ಗೊತ್ತಿದ್ದೂ ಆ ಹೊತ್ತಿಗೆ ಆಗುತ್ತಿಲ್ಲವೋ? ಪರೀಕ್ಷಿಸುವುದು ಸುಲಭ. ಗಲಾಟೆ ಇಲ್ಲದ ಕಡೆ ಒಬ್ಬನನ್ನೇ ಕರೆದು "ನಾಲ್ಕು ಜನ ಆಡ್ತಿದ್ದಾರೆ, ನೀನೂ ಸೇರಬೇಕು, ಹೇಗೆ ಹೋಗ್ತೀಯ, ಮಾಡಿ ತೋರಿಸು" ಅನ್ನಿ. ಸರಿಯಾಗಿ ತೋರಿಸಿದರೆ ಅವನಿಗೆ ಪಾಠದ ಅಗತ್ಯವಿಲ್ಲ, ಮೈದಾನದಲ್ಲಿ ಆ ಕ್ಷಣಕ್ಕೆ ನೆನಪಿಸುವ ವ್ಯವಸ್ಥೆ ಬೇಕು. ತಬ್ಬಿಬ್ಬಾದರೆ ಕಲಿಸಬೇಕು. ಎಡಿಎಚ್‌ಡಿ ಇರುವ ನಿಮ್ಮ ಹುಡುಗ ಬಹುಶಃ ಗೊತ್ತಿದ್ದೂ ಆಗದವನು, ಆಟಿಸಂ ಇರುವವನು ಹೇಗೆ ಅಂತ ಗೊತ್ತಿಲ್ಲದವನು. ಇಬ್ಬರಿಗೂ ಒಂದೇ ಪಾಠ ಮಾಡಿದರೆ ಒಬ್ಬನಿಗೆ ಬೋರು, ಇನ್ನೊಬ್ಬನಿಗೆ ಅರೆಬರೆ.

ಅಳತೆಗೆ ಒಂದು ಹಾಳೆ ಸಾಕು. ಬಿಡುವಿನ 15 ನಿಮಿಷದಲ್ಲಿ ಪ್ರತಿ ನಿಮಿಷಕ್ಕೊಮ್ಮೆ ತಲೆ ಎತ್ತಿ ನೋಡಿ, ಒಂದು ಗುರುತು ಹಾಕಿ: ಒಂಟಿಯಾಗಿದ್ದರೆ 'ಒ', ಪಕ್ಕದಲ್ಲಿದ್ದೂ ತನ್ನ ಪಾಡಿಗೆ ಇದ್ದರೆ 'ಪ', ಜೊತೆಗೂಡಿ ಆಡುತ್ತಲೋ ಮಾತಾಡುತ್ತಲೋ ಇದ್ದರೆ 'ಜೊ'. ದಿನಕ್ಕೆ 15 ಗುರುತು, ಐದು ದಿನಕ್ಕೆ 75. ಅದೇ ತರಗತಿಯಲ್ಲಿ ಸಾಧಾರಣವಾಗಿ ಬೆರೆಯುವ ಇನ್ನೊಂದು ಮಗುವಿಗೂ ಒಂದು ಸಾಲು ಇಡಿ. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಆ ಸಾಲು ಇಲ್ಲದಿದ್ದರೆ 75ಕ್ಕೆ 75 'ಜೊ' ಬರಬೇಕು ಅಂದುಕೊಂಡು ಮಗುವಿನ ಬೆನ್ನು ಹತ್ತುತ್ತೇವೆ. ಚೆನ್ನಾಗಿ ಬೆರೆಯುವ ಮಕ್ಕಳೂ ಸ್ವಲ್ಪ ಹೊತ್ತು ಸುಮ್ಮನೆ ಕೂತಿರುತ್ತಾರೆ. ಪುಸ್ತಕ ಹಿಡಿದು ಪಕ್ಕದಲ್ಲಿ ನಿಲ್ಲಬೇಡಿ, ದೂರದ ಕಿಟಕಿಯಿಂದ ನೋಡಿ. ಎರಡು ವಾರಕ್ಕೊಮ್ಮೆ ಎರಡು ದಿನ ಇದನ್ನೇ ಮಾಡಿ.

ಹತ್ತು ವಾರದ ಲೆಕ್ಕಕ್ಕೆ ಬಂದರೆ, ಹದಿಹರೆಯದವರಿಗೆ ಹೆಚ್ಚು ಪರಿಶೀಲನೆಯಾಗಿರುವ ಕಾರ್ಯಕ್ರಮಗಳಲ್ಲಿ ಒಂದು ಪೀರ್ಸ್. ಅಮೆರಿಕದ ಯುಸಿಎಲ್‌ಎಯಲ್ಲಿ ಎಲಿಜಬೆತ್ ಲಾಗೆಸನ್ ಮತ್ತು ಫ್ರೆಡ್ ಫ್ರಾಂಕೆಲ್ ರೂಪಿಸಿದ್ದು. ಮೂಲದಲ್ಲಿ 14 ವಾರ, ವಾರಕ್ಕೆ 90 ನಿಮಿಷ, ಅದೇ ಹೊತ್ತಿಗೆ ತಂದೆತಾಯಿಗೆ ಇನ್ನೊಂದು ಕೋಣೆಯಲ್ಲಿ ಬೇರೆ ಪಾಠ. ನಿಮಗೆ ಅಷ್ಟು ಸೌಲಭ್ಯ ಇಲ್ಲ, ಪರವಾಗಿಲ್ಲ. ಶನಿವಾರದ ಒಂದು ಗಂಟೆಯನ್ನು ಒಡೆದು ದಿನಕ್ಕೆ ಹತ್ತು ನಿಮಿಷ ಮಾಡಿ, ಬಿಸಿಯೂಟಕ್ಕೆ ಮುಂಚೆ. ಎರಡು ನಿಮಿಷ ಹೇಳುವುದು, ಎರಡು ನಿಮಿಷ ಮಾಡಿ ತೋರಿಸುವುದು (ಬೇಕೆಂದೇ ಒಮ್ಮೆ ತಪ್ಪಾಗಿ ಮಾಡಿ, ಮಗುವೇ ತಪ್ಪು ಹಿಡಿಯಲಿ), ಐದು ನಿಮಿಷ ಮಗು ಮಾಡುವುದು, ಒಂದು ನಿಮಿಷ ಯಾವುದು ಸರಿ ಬಂತು ಅಂತ ಹೇಳುವುದು. ಅರ್ಧ ಗಂಟೆಯೊಳಗೆ ಊಟದ ಸಾಲಿನಲ್ಲೋ ವರಾಂಡದಲ್ಲೋ ಅದೇ ಕೆಲಸ ನಿಜವಾಗಿ ನಡೆಯಬೇಕು. ಒಂದು ಕೌಶಲಕ್ಕೆ ಕನಿಷ್ಠ ಎರಡು ವಾರ ಇಡಿ. ಕೋಣೆಯಲ್ಲಿ ಕಲಿತದ್ದು ಕೋಣೆಯಲ್ಲೇ ಉಳಿಯುತ್ತದೆ, ಈ ಕೆಲಸ ಸೋಲುವುದು ಹೆಚ್ಚಾಗಿ ಅಲ್ಲೇ.

ಕುಶಾಲನಗರ ವಾಕ್ ಚಿಕಿತ್ಸಕ

ಮೇಡಂ ಹೇಳಿದ್ದಕ್ಕೆ ಮಾತಿನ ಕಡೆಯಿಂದ ಕೆಲವು ಸೇರಿಸುತ್ತೇನೆ.

ಬಸ್ಸಿನ ಮಾತನ್ನು ನಿಲ್ಲಿಸಲು ಹೋಗಬೇಡಿ ಟೀಚರ್. ಆ ಹುಡುಗ ಬೇರೆಯವರ ಹತ್ತಿರ ಹೋಗುವ ದಾರಿ ಅದೊಂದೇ. ಮಡಿಕೇರಿಗೆ, ಹಾಸನಕ್ಕೆ ಯಾವ ಬಸ್ಸು ಎಷ್ಟು ಹೊತ್ತಿಗೆ ಅನ್ನುವುದು ಬೇಕಾಗುವ ಮಕ್ಕಳು ನಿಮ್ಮ ಶಾಲೆಯಲ್ಲೇ ಬೇಕಾದಷ್ಟಿದ್ದಾರೆ, ಮೊದಲ ಜೊತೆಗಾರರನ್ನು ಅಲ್ಲಿಂದ ಹುಡುಕಿ. ಕಲಿಸಬೇಕಾದ್ದು ಮಾತು ಕೊಟ್ಟು ತಗೊಳ್ಳುವುದನ್ನು: ಒಂದು ಪ್ರಶ್ನೆ ಕೇಳು, ಉತ್ತರ ಕೇಳಿಸಿಕೋ, ಆ ಉತ್ತರದ ಮೇಲೆಯೇ ಇನ್ನೊಂದು ಪ್ರಶ್ನೆ ಕೇಳು, ಆಮೇಲೆ ನಿನ್ನದು ಒಂದು ವಿಷಯ ಹೇಳು. ಮೂರನೇ ಹೆಜ್ಜೆಯೇ ಕಷ್ಟದ್ದು. ಅದನ್ನು ಮಾತ್ರ ಒಂದು ವಾರ ಅಭ್ಯಾಸ ಮಾಡಿಸಿ. "ನೀನು ಭಾನುವಾರ ಏನು ಮಾಡಿದೆ?" "ಮೀನು ಹಿಡಿಯೋಕೆ ಹೋಗಿದ್ದೆ." ಇಲ್ಲಿಂದ ಬಸ್ಸಿಗೆ ಹಾರದೆ "ಎಲ್ಲಿ ಹೋಗಿದ್ದೆ?" ಅನ್ನಬೇಕು. ಜೊತೆಗೆ ಕೇಳುವವನಿಗೆ ಸಾಕಾಗಿದೆ ಅನ್ನುವ ಗುರುತು ಮೂರು ಕಲಿಸಿ: ಬೇರೆ ಕಡೆ ನೋಡುತ್ತಿದ್ದಾನೆ, ಬರೀ 'ಹೂಂ' ಅನ್ನುತ್ತಿದ್ದಾನೆ, ಮೈ ತಿರುಗಿಸಿದ್ದಾನೆ. ಎರಡು ಕಂಡರೆ ಒಂದು ಪ್ರಶ್ನೆ ಕೇಳು, ಇಲ್ಲವೇ "ಸರಿ, ಆಮೇಲೆ ಸಿಗ್ತೀನಿ" ಅಂದು ಹೊರಡು.

ಭಾಷೆ ನಮ್ಮ ಕೊಡಗು ಜಿಲ್ಲೆಯಲ್ಲಿ ದೊಡ್ಡ ವಿಷಯ. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ತಮಿಳು ಏನೇ ಇರಲಿ, ಶಾಲೆಯ ಮೈದಾನದ ಭಾಷೆ ಬೇರೆ. ಮೈದಾನದ ಮಾತನ್ನು ಮೈದಾನದ ಕನ್ನಡದಲ್ಲೇ ಕಲಿಸಿ. "ನಾನು ನಿಮ್ಮೊಂದಿಗೆ ಆಡಬಹುದೇ?" ಅಂತ ಪುಸ್ತಕದ ಭಾಷೆ ಕಲಿಸಿದರೆ ಮಗು ಅದನ್ನೇ ಒಪ್ಪಿಸುತ್ತದೆ, ಉಳಿದವರು ನಗುತ್ತಾರೆ. ಎರಡು ದಿನ ಮಕ್ಕಳ ಹತ್ತಿರ ನಿಂತು ಅವರು ಏನನ್ನುತ್ತಾರೆ ಬರೆದುಕೊಳ್ಳಿ: "ನಾನೂ ಬರ್ಲಾ?", "ನಾನು ಯಾವ ಟೀಮು?", "ನೆಕ್ಸ್ಟ್ ನಂದು." ಅದೇ ನಿಮ್ಮ ಪಾಠ. ಮನೆಯ ಮಾತನ್ನು ಮನೆಯವರು ಮನೆಭಾಷೆಯಲ್ಲಿ ಕಲಿಸಲಿ. ಆಟಿಸಂ ಇದೆ ಅಂತ ಮನೆಭಾಷೆ ಬಿಡಿಸುವ ಅಗತ್ಯ ಖಂಡಿತ ಇಲ್ಲ.

ಮೊಬೈಲ್ ವಿಡಿಯೊ ಚೆನ್ನಾಗಿ ಕೆಲಸ ಮಾಡುತ್ತದೆ. ಅದೇ ವಯಸ್ಸಿನ ಇಬ್ಬರು ಮಕ್ಕಳು, ಒಂದೇ ಕೌಶಲ, 30ರಿಂದ 60 ಸೆಕೆಂಡು, ಮಗುವಿನ ಕಣ್ಣಿನ ಎತ್ತರದಿಂದ ತೆಗೆದದ್ದು. ದೊಡ್ಡವರ ಉಪದೇಶ ಅದರಲ್ಲಿ ಬೇಡ. ಶೀಟಿನ ಮಾಡಿನ ಮೇಲೆ ಮಳೆ ಬೀಳುವಾಗ ತೆಗೆದರೆ ಒಂದು ಮಾತೂ ಕೇಳಿಸುವುದಿಲ್ಲ, ಜೂನ್‌ಗೆ ಮುಂಚೆ ತೆಗೆದಿಡಿ. ಆಟಕ್ಕೆ ಹೋಗುವ ಮುಂಚೆ ಎರಡು ಸಲ ತೋರಿಸಿ ಕೂಡಲೇ ಕಳುಹಿಸಿ. ವಿಡಿಯೊದಲ್ಲಿರುವ ಮಕ್ಕಳ ಮನೆಯವರ ಒಪ್ಪಿಗೆ ಬರಹದಲ್ಲಿ ಇರಲಿ, ಶಾಲೆಯ ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ.

ಚಿಕ್ಕ ಬರಹದ ಕಥೆಯೂ ಉಪಯೋಗಕ್ಕೆ ಬರುತ್ತದೆ. ಕ್ಯಾರಲ್ ಗ್ರೇ 1990ರ ದಶಕದ ಆರಂಭದಲ್ಲಿ ಶುರು ಮಾಡಿದ ಸೋಷಿಯಲ್ ಸ್ಟೋರಿ ವಿಧಾನ ಇದು. 'ಹೀಗೆ ಮಾಡು' ಅನ್ನುವ ಒಂದು ವಾಕ್ಯಕ್ಕೆ ಪರಿಸ್ಥಿತಿಯನ್ನು ವಿವರಿಸುವ ಎರಡಕ್ಕಿಂತ ಕಡಿಮೆ ವಾಕ್ಯ ಇರಬಾರದು. ಮಾದರಿ:

"ಜೋರು ಮಳೆ ಇದ್ದರೆ ಬಿಡುವಿನಲ್ಲಿ ನಮ್ಮ ಕ್ಲಾಸಿನಲ್ಲಿ ಕೇರಂ ಆಡುತ್ತಾರೆ. ಒಂದು ಬೋರ್ಡಿಗೆ ನಾಲ್ಕು ಜನ. ಕೆಲವೊಮ್ಮೆ ನಾನು ಹೋಗುವಷ್ಟರಲ್ಲಿ ನಾಲ್ಕು ಜನ ಆಗಿರುತ್ತಾರೆ. ಆಟ ಅರ್ಧಕ್ಕೆ ನಿಲ್ಲಿಸಲು ಅವರಿಗೆ ಇಷ್ಟವಿರುವುದಿಲ್ಲ. ನಾನು 'ನೆಕ್ಸ್ಟ್ ಗೇಮಿಗೆ ನಾನು' ಅಂತ ಹೇಳಿ ಬೆಂಚಿನಲ್ಲಿ ಕೂರಬಹುದು. ಒಂದು ಗೇಮ್ ಮುಗಿಯಲು ಹೊತ್ತು ಹಿಡಿಯುತ್ತದೆ. ಅಷ್ಟರಲ್ಲಿ ಬೆಲ್ ಆದರೆ ನಾಳೆ ಮತ್ತೆ ಕೇಳಬಹುದು."

ಕೊನೆಯ ವಾಕ್ಯ ಬಿಡಬೇಡಿ. ಬೆಲ್ ಆಗಿ ಚಾನ್ಸ್ ತಪ್ಪಿದ ದಿನವೇ ರಂಪ ಆಗುವುದು.

ಪಿ.ಟಿ. ಮೇಷ್ಟ್ರು

ಆಟಕ್ಕೆ ಸೇರುವುದನ್ನು ನಮ್ಮ ಕಡೆಯಿಂದ ಹೇಳುತ್ತೇನೆ. ಮೊದಲು ಗೆರೆಯಾಚೆ ನಿಂತು ನೋಡಬೇಕು: ಏನು ಆಟ, ಯಾವ ಕಡೆ ಯಾರು, ಸ್ಕೋರ್ ಎಷ್ಟು, ಯಾವ ಟೀಮಿಗೆ ಜನ ಕಡಿಮೆ. ಬಾಲ್ ಹೊರಗೆ ಹೋದಾಗ, ಇಲ್ಲವೇ ಗೋಲ್ ಆದಾಗ ಹತ್ತಿರ ಬರಬೇಕು. ಆಟದ ಬಗ್ಗೆಯೇ ಒಂದು ಚಿಕ್ಕ ಮಾತು, "ಒಳ್ಳೇ ಹೊಡೆತ" ಅಂತಲೋ ಏನೋ. ಆಮೇಲೆ ಕೇಳುವುದು. ತಪ್ಪುವುದು ಎರಡು ಕಡೆ. ಆಟ ನಡೆಯುತ್ತಿರುವಾಗಲೇ ಕೇಳುತ್ತಾರೆ, ಇಲ್ಲವೇ ಸೇರಿದ ತಕ್ಷಣ ರೂಲ್ಸ್ ಹೇಳಲು ಶುರು ಮಾಡುತ್ತಾರೆ.

"ಬೇಡ" ಅನ್ನಿಸಿಕೊಳ್ಳುವುದನ್ನೂ ಅಷ್ಟೇ ಸಲ ಅಭ್ಯಾಸ ಮಾಡಿಸಬೇಕು. ಯಾವ ಮಗುವಿಗೂ ಪ್ರತಿ ಸಲ ಚಾನ್ಸ್ ಸಿಗುವುದಿಲ್ಲ. "ಸರಿ" ಅಂದು, ವಾದ ಮಾಡದೆ, ಮೊದಲೇ ಗೊತ್ತು ಮಾಡಿಟ್ಟ ಎರಡನೇ ಜಾಗಕ್ಕೆ ಹೋಗುವುದು. ಆ ಎರಡನೇ ಜಾಗ ನಿಜವಾಗಿಯೂ ಇರಬೇಕು: ಇನ್ನೊಂದು ಗುಂಪು, ಲೈಬ್ರರಿ, ಯಾವುದಾದರೂ ಸರಿ.

ಹಾಕಿ ಆಡಿಸುವಾಗ ಇಂಥ ಮಕ್ಕಳಿಗೆ ಸ್ಕೋರ್ ಬರೆಯುವ ಕೆಲಸ ಕೊಡುವುದು ವಾಡಿಕೆ. ಮೊದಲ ವಾರಕ್ಕೆ ಸರಿ. ಅದೇ ಖಾಯಂ ಆದರೆ ಮಗು ಮೈದಾನದ ಅಂಚಿನಲ್ಲೇ ಉಳಿಯಿತು ಅಂತ ಲೆಕ್ಕ. ಎರಡನೇ ವಾರ ಪೆನಾಲ್ಟಿ ಕಾರ್ನರ್‌ಗೆ ಬಾಲ್ ತಳ್ಳುವ ಕೆಲಸ, ಆಮೇಲೆ ಮೂರಕ್ಕೆ ಮೂರರ ಚಿಕ್ಕ ಆಟ, ಐದು ನಿಮಿಷ. ಹನ್ನೊಂದು ಜನರ ಗದ್ದಲಕ್ಕೆ ನೇರ ಇಳಿಸಬೇಡಿ. ಮಳೆಗಾಲ ಇದಕ್ಕೆ ಒಳ್ಳೆಯ ಕಾಲ ಟೀಚರ್: ಕೇರಂ, ಲೂಡೊ, ಚೌಕಾಬಾರದಲ್ಲಿ ಸರದಿ, ಸೋಲು, ಗೆಲುವು ಎಲ್ಲ ಇದೆ, ಜನ ನಾಲ್ಕೇ. ಜೂನ್‌ನಿಂದ ಆಗಸ್ಟ್ ಅಲ್ಲಿ ಕಲಿಸಿ, ಕೈಲ್‌ಪೊಳ್ದ್ ಹಬ್ಬ ಮುಗಿದ ಮೇಲೆ ಮೈದಾನಕ್ಕೆ ತನ್ನಿ.

ಸೋಮವಾರಪೇಟೆ ಟೀಚರ್

ಶನಿವಾರದ ತರಗತಿ ಕೈಬಿಟ್ಟೆವು. ಎರಡು ಸಂದೇಹ. ಜೊತೆಯ ಮಕ್ಕಳಿಗೆ ಆಟಿಸಂ ಅಂತ ಹೇಳದೆ ಹೇಗೆ ತಯಾರು ಮಾಡುವುದು? ಇನ್ನು, ಹೊಡೆದಾಟದವರು, ಬಾಲ್ ಕಿತ್ತುಕೊಳ್ಳುವವನು, ತಬ್ಬಿಕೊಳ್ಳುವ ಹುಡುಗಿ, ಮಾತಾಡದ ಹುಡುಗಿ, ಇವರಿಗೆ ಏನು ಮಾಡುವುದು?

ಮಡಿಕೇರಿ ಮನಶ್ಶಾಸ್ತ್ರಜ್ಞೆ

ಜೊತೆಯ ಮಕ್ಕಳನ್ನು ತಯಾರು ಮಾಡುವುದು ಬರೀ ಉಪಚಾರದ ಮಾತಲ್ಲ, ಅದಕ್ಕೆ ಆಧಾರ ಇದೆ. 2012ರಲ್ಲಿ ಕೊನ್ನಿ ಕಸಾರಿ ತಂಡ ಅಮೆರಿಕದ 30 ಶಾಲೆಗಳ 60 ಆಟಿಸಂ ಮಕ್ಕಳಲ್ಲಿ ನೋಡಿದ್ದು: ಮಗುವಿಗೆ ಒಬ್ಬರೇ ಕೂತು ಕಲಿಸಿದ್ದಕ್ಕಿಂತ, ತರಗತಿಯ ಮೂವರು ಸಹಪಾಠಿಗಳಿಗೆ ಕಲಿಸಿದಾಗ ಮಗು ತರಗತಿಯ ಬಳಗದೊಳಗೆ ಹೆಚ್ಚು ಸೇರಿಕೊಂಡಿತು. ಆಟಿಸಂ ಅನ್ನುವ ಹೆಸರು ಹೇಳುವ ಅಗತ್ಯವೇ ಇಲ್ಲ. "ನಮ್ಮ ಕ್ಲಾಸಿನಲ್ಲಿ ಬಿಡುವಿನಲ್ಲಿ ಒಂಟಿ ಇರುವವರು ಇದ್ದಾರೆ, ಅವರನ್ನು ಸೇರಿಸಿಕೊಳ್ಳುವುದು ಹೇಗೆ ಅಂತ ನೋಡೋಣ" ಅಂದರೆ ಸಾಕು. ಮೂರು ನಾಲ್ಕು ಮಕ್ಕಳು, ವಾರಕ್ಕೆ ಎರಡು ಸಲ 20 ನಿಮಿಷ. ಹೆಸರು ಹಿಡಿದು ಕರೆಯುವುದು, ಎರಡು ಆಯ್ಕೆ ಕೊಡುವುದು ("ಕೇರಮ್ಮಾ, ಲೂಡೋನಾ?"), ಉತ್ತರಕ್ಕೆ ಮನಸ್ಸಿನಲ್ಲೇ ಐದು ಎಣಿಸಿ ಕಾಯುವುದು, ಬರಲ್ಲ ಅಂದರೆ ಬಿಟ್ಟು ಮಾರನೇ ದಿನ ಮತ್ತೆ ಕರೆಯುವುದು. ಮಾನಿಟರ್ ಆಗಿರುವ, ಎಲ್ಲರಿಗೂ ಬುದ್ಧಿ ಹೇಳುವ ಮಗುವನ್ನೇ ಆರಿಸಬೇಡಿ. ಅದು ಎರಡನೇ ಟೀಚರ್ ಆಗಿಬಿಡುತ್ತದೆ. ಆಟದಲ್ಲಿ ಉಳಿದವರಿಗೆ ಬೇಕಾಗಿರುವ, ದಿನಾ ಶಾಲೆಗೆ ಬರುವ ಮಕ್ಕಳು ಬೇಕು. ತಿಂಗಳಿಗೊಮ್ಮೆ ಒಬ್ಬಿಬ್ಬರನ್ನು ಬದಲಿಸಿ, ಒಬ್ಬರ ಮೇಲೇ ಭಾರ ಬೀಳಬಾರದು.

ಎಡಿಎಚ್‌ಡಿ ಹುಡುಗನ ವಿಷಯಕ್ಕೆ ಬರೀ ಕೌಶಲ ಪಾಠದ ಮೇಲೆ ಹೆಚ್ಚು ನಂಬಿಕೆ ಇಡಬೇಡಿ. ಚಿಕಿತ್ಸೆಗಳ ಸಂಶೋಧನೆಗಳನ್ನು ಪರಿಶೀಲಿಸುವ ಕೊಕ್ರೇನ್ ಸಂಸ್ಥೆ 2011ರಲ್ಲೂ 2019ರಲ್ಲೂ ಪ್ರಯೋಗಗಳನ್ನೆಲ್ಲ ಒಟ್ಟುಮಾಡಿ ನೋಡಿ, ಎಡಿಎಚ್‌ಡಿ ಮಕ್ಕಳಿಗೆ ಅಂಥ ತರಬೇತಿಯಿಂದ ಗಟ್ಟಿ ಪ್ರಯೋಜನ ಕಾಣಲಿಲ್ಲ ಎಂದಿದೆ. ಅವನಿಗೆ ಬೇಕಾದ್ದು ಸ್ಥಳದಲ್ಲೇ ಸೂಚನೆ. ಮೈದಾನಕ್ಕೆ ಕಾಲಿಡುವ ಮುಂಚೆ ಅವನ ಬಾಯಿಂದಲೇ ಒಂದು ಸಾಲು ಹೇಳಿಸಿ: "ಬಾಲ್ ಪಾಸ್ ಆಗಿ ಬಂದರೆ ಮಾತ್ರ ನಂದು." ಜೊತೆಗೆ ದಿನದ ಕಾರ್ಡು: ಎರಡು ಮೂರು ಗುರಿ, ಪ್ರತಿ ಪೀರಿಯಡ್ ಕೊನೆಗೆ ಹೌದು/ಇಲ್ಲ, ಸಂಜೆ ಮನೆಯಲ್ಲಿ ಚಿಕ್ಕ ಬಹುಮಾನ. ಗುರಿ ಎಷ್ಟಿರಬೇಕು ಅಂದರೆ ಮೊದಲ ವಾರ ಹತ್ತರಲ್ಲಿ ಏಳೆಂಟು 'ಹೌದು' ಬರುವಷ್ಟು. ದಿನಕ್ಕೆ ಆರು ಸಲ ಕಿತ್ತುಕೊಳ್ಳುವವನಿಗೆ 'ಒಮ್ಮೆಯೂ ಇಲ್ಲ' ಅನ್ನುವ ಗುರಿ ಇಟ್ಟರೆ ಕಾರ್ಡು ಬುಧವಾರದೊಳಗೆ ಚರಂಡಿಗೆ ಬೀಳುತ್ತದೆ. ಮನೆಯವರು ದಿನಗೂಲಿಗೆ ಹೋಗುವವರಾದರೆ ಬಹುಮಾನ ದುಡ್ಡಿನದಾಗಿರಬಾರದು: ಹತ್ತು ನಿಮಿಷ ಹೆಚ್ಚಿಗೆ ಆಟ, ಇಷ್ಟದ ಅಡುಗೆ ಆರಿಸುವುದು.

ಹೊಡೆದಾಟದ ಇಬ್ಬರಿಗೆ ಮೊದಲು ಮೂರು ಅಂಕಣದ ಪುಸ್ತಕ: ಮುಂಚೆ ಏನಾಯಿತು, ಏನು ಮಾಡಿದ, ಆಮೇಲೆ ಏನು ಸಿಕ್ಕಿತು. ಹತ್ತು ಘಟನೆ ಬರೆಯುವಷ್ಟರಲ್ಲಿ ದಾರಿ ಕಾಣುತ್ತದೆ. ಗಟ್ಟಿಯಾಗಿ ಓದು ಅಂದಾಗಲೆಲ್ಲ ಜಗಳ ಆಗಿ, ಹೊರಗೆ ಕಳುಹಿಸಿ, ಓದುವುದು ತಪ್ಪುತ್ತಿದ್ದರೆ ಅದು ಕಲಿಕೆಯ ತೊಂದರೆ ಇರಬಹುದು. ಕಿವಿ, ಕಣ್ಣು, ಓದು ಮೂರನ್ನೂ ತಪಾಸಣೆ ಮಾಡಿಸಿ. ಕೀಟಲೆಗೆ ಕೈ ಎತ್ತುವವನಾದರೆ ಚಿಕ್ಕ ಉತ್ತರ ಕಲಿಸಿ: "ಅದಕ್ಕೇನೀಗ?", "ಆಯ್ತು ಬಿಡು." ಹೇಳಿ, ಅಲ್ಲಿಂದ ಹೊರಡುವುದು. ಬೇಸರದ ದನಿಯಲ್ಲಿ ಬರಬೇಕು, ಏರುದನಿಯಲ್ಲಿ ಬಂದರೆ ಅದೇ ಹೊಸ ಜಗಳ. ಮೈ ಮುಟ್ಟಿ ಹಿಂಸಿಸುವವರ ಮುಂದೆ ಇದು ಬೇಡ, ಅಲ್ಲಿ ದೊಡ್ಡವರೇ ನಡುವೆ ಬರಬೇಕು.

ತಬ್ಬಿಕೊಳ್ಳುವ ಹುಡುಗಿಯದು ಸುರಕ್ಷತೆಯ ವಿಷಯ, ಅದನ್ನೇ ಮೊದಲು ಶುರು ಮಾಡಿ. ನೆಲದ ಮೇಲೆ ಒಂದರೊಳಗೊಂದು ನಾಲ್ಕು ವೃತ್ತ ಬರೆದು ನಿಜವಾದ ಫೋಟೊ ಇಡಿಸಿ: ಮನೆಯವರು, ಗೆಳತಿಯರು, ಪರಿಚಯದವರು, ಅಪರಿಚಿತರು. ಒಳಗಿನ ವೃತ್ತದಿಂದ ಹೊರಕ್ಕೆ ಕ್ರಮವಾಗಿ ತಬ್ಬುವುದು, ಕೈಕುಲುಕುವುದು, ಕೈ ಬೀಸುವುದು, ಸುಮ್ಮನೆ ದೂರ ಇರುವುದು. "ಬೇಡ" ಅಂದು ದೂರ ಸರಿದು ಯಾರಿಗೆ ಹೇಳಬೇಕು ಅನ್ನುವುದನ್ನೂ ಮಾಡಿಸಿ. ಮನೆಯವರೇ ಆದರೂ ಅವಳಿಗೆ ಬೇಡವಾದ ಮುಟ್ಟುವಿಕೆಗೆ "ಬೇಡ" ಅನ್ನಬಹುದು ಅಂತ ಬಿಡಿಸಿ ಹೇಳಿ. ಶಾಲೆಯಲ್ಲಿ ಕೆಲವರು ಮುದ್ದಿನಿಂದ ತಬ್ಬಿಸಿಕೊಂಡು, ಕೆಲವರು ಗದರಿದರೆ ಅವಳು ಕಲಿಯುವುದಿಲ್ಲ. ಅಡುಗೆಯವರಿಂದ ಹೆಡ್‌ಮಾಸ್ಟರ್‌ವರೆಗೆ ಎಲ್ಲರದೂ ಒಂದೇ ನಿಯಮ ಇರಲಿ. ಏನಾದರೂ ಅನುಮಾನ ಬಂದರೆ ಮಕ್ಕಳ ಸಹಾಯವಾಣಿ 1098. ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಪೋಕ್ಸೊ ಕಾಯ್ದೆಯಡಿ ಗೊತ್ತಿದ್ದೂ ತಿಳಿಸದಿರುವುದು ಅಪರಾಧ.

ಮಾತಾಡದ ಹುಡುಗಿಗೆ ಸಾಮಾಜಿಕ ಕೌಶಲ ಪಾಠ ಬೇಡವೇ ಬೇಡ. ನೀವು ಹೇಳಿದ್ದು ಸೆಲೆಕ್ಟಿವ್ ಮ್ಯೂಟಿಸಂ ಎನ್ನುವ ಆತಂಕದ ತೊಂದರೆಯಂತೆ ಕಾಣುತ್ತದೆ, ತಜ್ಞರು ನೋಡಬೇಕು. ಅಲ್ಲಿಯವರೆಗೆ "ಮಾತಾಡು" ಅನ್ನಬೇಡಿ, ಮಾತಾಡಿದರೆ ಚಾಕಲೇಟ್ ಅಂತಲೂ ಬೇಡ. ಖಾಲಿ ಕೋಣೆಯಲ್ಲಿ ಅಮ್ಮನೋ ಅಕ್ಕನೋ ಅವಳ ಜೊತೆ ಆಡುತ್ತಾ ಮಾತಾಡಲಿ. ನೀವು ಮೊದಲು ಬಾಗಿಲಾಚೆ, ಕೆಲವು ದಿನ ಬಿಟ್ಟು ಬಾಗಿಲಲ್ಲಿ, ಆಮೇಲೆ ಒಳಗೆ ದೂರದ ಬೆಂಚಿನಲ್ಲಿ ನಿಮ್ಮ ಕೆಲಸ ಮಾಡುತ್ತಾ ಇರಿ. ಅವಳ ದನಿ ನಿಂತರೆ ಒಂದು ಹೆಜ್ಜೆ ಹಿಂದೆ.

ತಪಾಸಣೆಗೆ: ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ 18 ವರ್ಷದವರೆಗೆ ಶಾಲೆಯಿಂದಲೇ ಶಿಫಾರಸು ಮಾಡಬಹುದು. ಮಾತು, ಭಾಷೆ, ಶ್ರವಣಕ್ಕೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಉಳಿದದ್ದಕ್ಕೆ ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ವಿಭಾಗ. ಅಷ್ಟು ದೂರ ಹೋಗುವ ಮುಂಚೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಕೇಳಬಹುದು. ಬಿ.ಇ.ಒ. ಕಚೇರಿಯ ಬಿ.ಐ.ಇ.ಆರ್.ಟಿ. (ವಿಶೇಷ ಅಗತ್ಯದ ಮಕ್ಕಳಿಗೆ ನೆರವಾಗುವ) ಶಿಕ್ಷಕರನ್ನು ಮೊದಲ ದಿನದಿಂದಲೇ ಸೇರಿಸಿಕೊಳ್ಳಿ.

ಸಿದ್ದಾಪುರದ ಅಮ್ಮ

ಟೀಚರಮ್ಮ, ನಿಮ್ಮ ಪಟ್ಟಿಯಿಂದ 'ಕಣ್ಣು ನೋಡಿ ಮಾತಾಡುವುದು' ತೆಗೆದುಹಾಕಿ ಅಂತ ಕೇಳಿಕೊಳ್ಳುತ್ತೇನೆ. ಆಟಿಸಂ ಇರುವ ಎಷ್ಟೋ ಜನರಿಗೆ ಕಣ್ಣಲ್ಲಿ ಕಣ್ಣಿಟ್ಟರೆ ಕಿವಿಗೆ ಏನೂ ಇಳಿಯುವುದಿಲ್ಲ, ದೊಡ್ಡವರಾದ ಮೇಲೆ ಅವರೇ ಹೇಳುತ್ತಾರೆ. ಮಾತಾಡುವವರ ಕಡೆಗೆ ಮೈ ತಿರುಗಿಸಿದ್ದರೆ ಸಾಕು. ದಿನವಿಡೀ ಬೇರೆಯವರಂತೆ ನಟಿಸಿದ ಮಗು ಮನೆಗೆ ಬಂದು ಕುಸಿಯುತ್ತದೆ, ಆ ಹೊತ್ತು ಶಾಲೆಯವರ ಕಣ್ಣಿಗೆ ಬೀಳುವುದಿಲ್ಲ. ಏನು ಕಲಿಯಬೇಕು ಅಂತ ಹುಡುಗನನ್ನೇ ಕೇಳಿ. ಗೆಳೆಯ ಬೇಕು ಅಂದರೆ ಆ ದಾರಿ, ಬಿಡುವಿನಲ್ಲಿ ಅರ್ಧ ಹೊತ್ತು ಒಬ್ಬನೇ ಇರಬೇಕು ಅಂದರೆ ಅದಕ್ಕೂ ಜಾಗ ಕೊಡಿ.

ಮನೆಯ ಕಡೆಯವರಿಗೆ ನೀವು ಹೇಳಬಹುದಾದ್ದು: ಮದುವೆ, ಪುತ್ತರಿ ಹಬ್ಬ ಅಂತ ನೂರಾರು ಜನ ಸೇರುವ ಕಡೆ ಎಲ್ಲ ಹಿರಿಯರ ಕಾಲು ಮುಟ್ಟಿಸಲೇಬೇಕು ಅಂತ ಎಳೆದಾಡಬೇಡಿ. ಮುಟ್ಟುವುದು ಹಿಂಸೆಯಾದರೆ ಕೈ ಮುಗಿದರೆ ಸಾಕು ಅಂತ ಅಜ್ಜ, ದೊಡ್ಡಪ್ಪಂದಿರಿಗೆ ಹಿಂದಿನ ದಿನವೇ ಫೋನ್ ಮಾಡಿ ತಿಳಿಸಲಿ. ವಾಲಗ ಶುರುವಾಗುವ ಮುಂಚೆ ಹೋಗಿ, ಕೂರುವ ಜಾಗ, ಹೊರಗೆ ಬರುವ ಬಾಗಿಲು ತೋರಿಸಿ, ಬೇಗ ಹೊರಡುವುದು.

ಕೈಗೆ ಮೊಬೈಲ್ ಬಂದಿರುವ ಮಕ್ಕಳಿಗೆ ಇನ್ನೊಂದು ನಿಯಮ: ಉತ್ತರ ಬಾರದೆ ಸಾಲಾಗಿ ಎರಡು ಮೆಸೇಜಿಗಿಂತ ಹೆಚ್ಚು ಕಳುಹಿಸಬಾರದು. ಇದನ್ನು 8ನೇ ತರಗತಿಯಲ್ಲೇ ಹೇಳಿಕೊಡಿ. ಮೂವತ್ತು ಮೆಸೇಜು ಹೋದ ಮೇಲೆ ಆ ಕಡೆಯ ಮನೆಯವರಿಗೆ ವಿವರಿಸುವುದು ಬಹಳ ಕಷ್ಟ.